ಲಂಡನ್‌ನಲ್ಲಿ ನಾಲ್ಕು ರಾತ್ರಿ: ನಮ್ಮ ಮನೆಯ ಐವರಲ್ಲಿ ಇಟಿಎ ಯಾರಿಗೆ, ವೀಸಾ ಯಾರಿಗೆ?

ಕುಕ್ಕರಹಳ್ಳಿ ದಂಡೆ (ನ್ಯೂಜೆರ್ಸಿ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಜೂನ್ 6ರಂದು ನಾವು ಐದು ಮಂದಿ ನ್ಯೂವಾರ್ಕ್‌ನಿಂದ ಹೊರಟು, ಲಂಡನ್‌ನಲ್ಲಿ ಇಳಿದು, ಸ್ಲೌನಲ್ಲಿರುವ ನನ್ನ ತಮ್ಮನ ಮನೆಯಲ್ಲಿ ನಾಲ್ಕು ರಾತ್ರಿ ಇದ್ದು, ಅಲ್ಲಿಂದ ಬೆಂಗಳೂರಿಗೆ ಹೋಗುವುದೆಂದು ತೀರ್ಮಾನಿಸಿ ಟಿಕೆಟ್ಟನ್ನೂ ಕೊಂಡಾಗಿದೆ. ಇಷ್ಟು ವರ್ಷ ಹೀಥ್ರೂವಿನಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಓಡಿದ್ದೇ ಹೊರತು ಊರೊಳಗೆ ಕಾಲಿಟ್ಟವರಲ್ಲ. ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಯನ್ನು ಕಣ್ಣಾರೆ ನೋಡಬೇಕೆಂದು ನಮ್ಮ ಅತ್ತೆಯವರು 2015ರ ನವೆಂಬರ್‌ನಲ್ಲಿ ಅದರ ಅನಾವರಣವನ್ನು ಟಿವಿಯಲ್ಲಿ ನೋಡಿದಂದಿನಿಂದ ಹೇಳುತ್ತಿದ್ದಾರೆ. ಈ ಸಲವಾದರೂ ಆಗಲಿ ಎಂದು ಹೊರಟಿದ್ದೇವೆ.

ತೊಡಕಿರುವುದು ಕಾಗದಪತ್ರಗಳಲ್ಲಿ. ನಾನು ಮೂರು ವರ್ಷದ ಹಿಂದೆ ಅಮೆರಿಕದ ಪೌರತ್ವ ಪಡೆದಿದ್ದೇನೆ, ಹೊರದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಇದೆ. ನಮ್ಮ ಯಜಮಾನರು ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸಿಲ್ಲದೆ ಗ್ರೀನ್ ಕಾರ್ಡಿನಲ್ಲೇ ಉಳಿದಿದ್ದಾರೆ. ಹನ್ನೊಂದು ವರ್ಷದ ಮಗಳು ಮತ್ತು ಆಗಸ್ಟ್‌ನಲ್ಲಿ ಐದು ತುಂಬುವ ಮಗ ಇಬ್ಬರೂ ಇಲ್ಲೇ ಹುಟ್ಟಿದವರು, ಅಮೆರಿಕದ ಪಾಸ್‌ಪೋರ್ಟೂ ಓಸಿಐಯೂ ಇಬ್ಬರಿಗೂ ಇವೆ. ಅತ್ತೆಯವರು ಡಿಸೆಂಬರ್ 14ರಂದು ಮೈಸೂರಿನಿಂದ ಪ್ರವಾಸಿ ವೀಸಾದಲ್ಲಿ ಬಂದವರು, ಈಗ ನಮ್ಮೊಡನೆಯೇ ಮರಳುತ್ತಿದ್ದಾರೆ.

ಕಳೆದ ಬೇಸಿಗೆಯಲ್ಲಿ ನಯಾಗರಕ್ಕೆ ಹೋದಾಗ ನಮ್ಮ ಯಜಮಾನರು ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡನ್ನೇ ತೋರಿಸಿ ಕೆನಡಾದ ದಂಡೆಗೆ ದಾಟಿ ಬಂದಿದ್ದರು; ವೀಸಾ, ಇಟಿಎ (ವೀಸಾ ಬೇಡದವರು ಹೊರಡುವ ಮೊದಲು ಅಂತರ್ಜಾಲದಲ್ಲಿ ಪಡೆಯುವ ಪ್ರಯಾಣದ ಅನುಮತಿ) ಯಾವುದನ್ನೂ ಯಾರೂ ಕೇಳಲಿಲ್ಲ. ಬ್ರಿಟನ್ನಿನಲ್ಲೂ ಅದೇ ನಡೆಯುತ್ತದೆ ಎಂಬುದು ಅವರ ವಾದ. ಹಾಗಿದ್ದರೆ ಅತ್ತೆಯವರ ಗತಿಯೇನು ಎಂದು ಕೇಳಿದರೆ, ಅಮೆರಿಕದ ವೀಸಾ ಇದೆಯಲ್ಲ ಎನ್ನುತ್ತಾರೆ.

ಇದರ ನಡುವೆ ನಾನೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ಕಳೆದ ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ತಾಣವನ್ನೇ ತೆರೆದು, ನನ್ನೊಬ್ಬಳ ಇಟಿಎ ಅರ್ಜಿಯನ್ನು ತುಂಬಿ 89 ಡಾಲರ್ ಕಟ್ಟಿದೆ. ತಾಣದ ನೆತ್ತಿಯಲ್ಲಿ ಬ್ರಿಟನ್ನಿನ ಬಾವುಟವಿತ್ತು, ಕಿರೀಟದಂಥ ಒಂದು ಗುರುತಿತ್ತು, ಆದ್ದರಿಂದ ಸರ್ಕಾರದ್ದೇ ಎಂದುಕೊಂಡೆ. ಮರುದಿನ ತಮ್ಮನಿಗೆ ಹೇಳಿದರೆ, "ಅಕ್ಕಾ, ಹದಿನಾರು ಪೌಂಡಿನ ಕೆಲಸಕ್ಕೆ ಅಷ್ಟು ಕೊಟ್ಟೆಯಾ?" ಎಂದ. ಆ ತಾಣದಿಂದ "ಅನುಮತಿ ದೊರೆತಿದೆ" ಎಂಬ ಮಿಂಚಂಚೆಯೇನೋ ಬಂದಿದೆ. ಅದನ್ನು ನಂಬಬಹುದೇ? ಉಳಿದವರಿಗೆ ಏನು ಮಾಡಬೇಕು? ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಅರಕಲಗೂಡಿನವನು (ರೆಡಿಂಗ್) ಅವರ ಉತ್ತರ

ನಮಸ್ಕಾರ ಮೇಡಂ. ನಿಮ್ಮ ಮನೆಯವರ ವಾದ ಕೆನಡಾದ ಮಟ್ಟಿಗೆ ಸರಿ, ಬ್ರಿಟನ್ನಿನ ಮಟ್ಟಿಗೆ ತಪ್ಪು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರು ಯಾವ ದೇಶದ ಪ್ರಜೆಯೇ ಆಗಿರಲಿ, ಕೆನಡಾ ಅವರಿಂದ ವೀಸಾವನ್ನೂ ಕೇಳುವುದಿಲ್ಲ, ಇಟಿಎಯನ್ನೂ ಕೇಳುವುದಿಲ್ಲ. ಪಾಸ್‌ಪೋರ್ಟಿನ ಜೊತೆ ಕಾರ್ಡನ್ನು ತೋರಿಸಿದರೆ ಸಾಕು. ಬ್ರಿಟನ್ ಹಾಗಲ್ಲ. ನೀವು ಎಲ್ಲಿ ವಾಸವಾಗಿದ್ದೀರಿ ಎಂಬುದು ಇಟಿಎಗೆ ಲೆಕ್ಕಕ್ಕಿಲ್ಲ, ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಷ್ಟೇ ಲೆಕ್ಕ. ಅಮೆರಿಕದ ಪಾಸ್‌ಪೋರ್ಟ್ ಇರುವ ನಿಮಗೂ ಮಕ್ಕಳಿಬ್ಬರಿಗೂ ಇಟಿಎ ಬೇಕು, ಹಸುಗೂಸಾಗಿದ್ದರೂ ವಿನಾಯಿತಿ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಮನೆಯವರಿಗೂ ಅತ್ತೆಯವರಿಗೂ ಇಟಿಎ ಸಿಗುವುದೇ ಇಲ್ಲ, ಅವರು ಸಂದರ್ಶಕರ ವೀಸಾವನ್ನೇ ಪಡೆಯಬೇಕು. ಗ್ರೀನ್ ಕಾರ್ಡಾಗಲಿ ಅಮೆರಿಕದ ವೀಸಾವಾಗಲಿ ನಾಲ್ಕು ರಾತ್ರಿ ತಂಗುವುದಕ್ಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇದು ಹೊಸ ಪದ್ಧತಿಯಾದ್ದರಿಂದ ಹಳೆಯ ಅನುಭವದ ಮೇಲೆ ಸಲಹೆ ಕೊಡುವವರು ಬಹಳ. 2023ರ ನವೆಂಬರ್ 15ರಂದು ಕತಾರಿನ ಪ್ರಜೆಗಳಿಂದ ಶುರುವಾಗಿ, 2024ರಲ್ಲಿ ಕೊಲ್ಲಿಯ ಉಳಿದ ದೇಶಗಳಿಗೆ ಹಬ್ಬಿ, 2025ರ ಜನವರಿ 8ರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೂ, ಅದೇ ವರ್ಷ ಏಪ್ರಿಲ್ 2ರಿಂದ ಯೂರೋಪಿನವರಿಗೂ ಅನ್ವಯವಾಯಿತು. ಆದರೂ ಮೊದಲೊಂದು ವರ್ಷ ಬಿಗಿ ಅಷ್ಟಾಗಿ ಇರಲಿಲ್ಲ. "ನಾವು ಕಳೆದ ವರ್ಷ ಏನೂ ಇಲ್ಲದೆ ಬಂದೆವಲ್ಲ" ಎಂದು ನಿಮಗೆ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. 2026ರ ಫೆಬ್ರವರಿ 25ರಿಂದ ಮಾತ್ರ ಅನುಮತಿ ಇಲ್ಲದವರನ್ನು ವಿಮಾನ ಹತ್ತಿಸಿಕೊಳ್ಳಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದಿದ್ದಾರೆ. ಅಂದರೆ ತಡೆ ಬೀಳುವುದು ಹೀಥ್ರೂವಿನಲ್ಲಲ್ಲ, ನ್ಯೂವಾರ್ಕ್‌ನ ಕೌಂಟರಿನಲ್ಲೇ.

ಸಂದರ್ಶಕರ ವೀಸಾಕ್ಕೆ ಆರು ತಿಂಗಳ ಅವಧಿಗೆ 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಎಂದು ಮಾಡಿದ್ದರು. ಅರ್ಜಿಯನ್ನು ಅಂತರ್ಜಾಲದಲ್ಲೇ ತುಂಬಬಹುದು, ಆದರೆ ಬೆರಳಚ್ಚು ಮತ್ತು ಭಾವಚಿತ್ರ ಕೊಡಲು ಖುದ್ದಾಗಿ ಹೋಗಬೇಕು. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಅತ್ತೆಯವರು ಇದಕ್ಕಾಗಿ ಮೈಸೂರಿಗೆ ಹೋಗಿ ಅರ್ಜಿ ಹಾಕಬೇಕೆಂದಿಲ್ಲ, ಅಮೆರಿಕದಲ್ಲಿ ಪ್ರವಾಸಿಯಾಗಿ ಇರುವಾಗಲೇ ಹಾಕಬಹುದು. ನಿಮ್ಮ ತಮ್ಮನವರಿಂದ ಆಹ್ವಾನದ ಪತ್ರ, ಅವರ ಮನೆಯ ವಿಳಾಸದ ಪುರಾವೆ, ನಿಮ್ಮ ಮನೆಯವರ ಉದ್ಯೋಗದ ಪತ್ರ, ಬ್ಯಾಂಕಿನ ಲೆಕ್ಕಪತ್ರ ಮತ್ತು ಬೆಂಗಳೂರಿನ ಮುಂದಿನ ಟಿಕೆಟ್ಟನ್ನು ಜೊತೆಗಿಟ್ಟರೆ ವಿಷಯ ಸರಳವಾಗಿ ಕಾಣುತ್ತದೆ. ಈಗ ಮಾರ್ಚ್ ನಡುಭಾಗ, ಸಮಯವಿದೆ. ಏಪ್ರಿಲ್ ಕೊನೆಗೆ ತಳ್ಳಬೇಡಿ.

ಸೋಮೇಶ್ವರದ ಕಡಲು (ಟೊರಾಂಟೊ) ಅವರ ಉತ್ತರ

ನಮಸ್ಕಾರ ಅಕ್ಕ. ಡಿಸೆಂಬರ್ ರಜೆಯಲ್ಲಿ ನಾವೂ ಮಂಗಳೂರಿಗೆ ಹೋಗುವ ದಾರಿಯಲ್ಲಿ ಲಂಡನ್‌ನಲ್ಲಿ ಎರಡು ದಿನ ಇಳಿದುಕೊಂಡಿದ್ದೆವು. ನಾನು ಮತ್ತು ಮಗಳು ಕೆನಡಾದ ಪಾಸ್‌ಪೋರ್ಟಿನವರಾದ್ದರಿಂದ ಇಟಿಎ ಮಾಡಿಸಿದೆವು. ಅದರ ಅರ್ಜಿ ಹೇಗಿರುತ್ತದೆಂದು ನೋಡಿದ್ದರೆ ನೀವು ಆ ತಾಣದಲ್ಲಿ ಮೋಸಹೋಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬ್ರಿಟನ್ ಸರ್ಕಾರದ್ದೇ ಆದ "ಯುಕೆ ಇಟಿಎ" ಎಂಬ ಆ್ಯಪ್ ಇದೆ, ಅದನ್ನು ಇಳಿಸಿಕೊಂಡರೆ ಮಧ್ಯವರ್ತಿಗಳ ಕಾಟವೇ ಇರುವುದಿಲ್ಲ. ಕಂಪ್ಯೂಟರಿನಲ್ಲೇ ಮಾಡುವುದಾದರೆ ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಯುಕೆ" ಎಂದೇ ಇರಬೇಕು, ಅದರ ನಂತರ ಇನ್ನೇನೂ ಅಂಟಿಕೊಂಡಿರಬಾರದು. ಹುಡುಕಿದಾಗ ಮೇಲ್ಗಡೆ ಬರುವ ನಾಲ್ಕಾರು ತಾಣಗಳು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತುಗಳು. ಅವು ಬಾವುಟವನ್ನು ಎಷ್ಟು ದೊಡ್ಡದಾಗಿ ಹಾಕಿರುತ್ತವೆಯೋ "ನಾವು ಸರ್ಕಾರದವರಲ್ಲ" ಎಂಬ ಮಾತನ್ನು ಪುಟದ ಬುಡದಲ್ಲಿ ಅಷ್ಟೇ ಸಣ್ಣದಾಗಿ ಬರೆದಿರುತ್ತವೆ.

ಆ್ಯಪ್ ಮೊದಲಿಗೆ ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಫೋಟೋ ತೆಗೆಯಲು ಹೇಳುತ್ತದೆ. ಪುಟದ ಬುಡದಲ್ಲಿ ಬಾಣದ ತಲೆಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆಯಲ್ಲ, ಅವು ಪೂರ್ತಿಯಾಗಿ ಬರಬೇಕು, ಮೇಲೆ ದೀಪದ ಹೊಳಪು ಬೀಳಬಾರದು. ನಾನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಾಲ್ಕು ಸಲ ತೆಗೆದು ಸೋತು, ಕೊನೆಗೆ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ತೆಗೆದೆ. ಆಮೇಲೆ ಪಾಸ್‌ಪೋರ್ಟಿನೊಳಗಿನ ಚಿಪ್ಪನ್ನು ಫೋನಿನಿಂದ ಓದಿಸಬೇಕು. ಬಹಳ ಮಂದಿ ನಿಂತುಹೋಗುವುದು ಇಲ್ಲೇ. ಫೋನಿನ ಕವರನ್ನು ತೆಗೆದು, ಪಾಸ್‌ಪೋರ್ಟನ್ನು ಮರದ ಮೇಜಿನ ಮೇಲೆ ತೆರೆದಿಟ್ಟು, ಫೋನನ್ನು ಅದರ ಮೇಲೆ ಒರಗಿಸಿ ಇಂಚಿಂಚಾಗಿ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಅದು ಗುರುತು ಹಿಡಿಯುತ್ತದೆ. ಹಿಡಿದ ಮೇಲೆ ಅಲ್ಲಾಡಿಸಬಾರದು. ಚಿಪ್ಪನ್ನು ಓದಿಸುವುದರ ದೊಡ್ಡ ಲಾಭವೆಂದರೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಯಾವುದನ್ನೂ ಕೈಯಲ್ಲಿ ಬರೆಯುವ ಪ್ರಮೇಯವೇ ಇರುವುದಿಲ್ಲ. ಅಮೆರಿಕದಲ್ಲಿ ತಿಂಗಳು ಮೊದಲು ಬರೆದು ರೂಢಿಯಾದವರು ಬ್ರಿಟನ್ನಿನ ಅರ್ಜಿಯಲ್ಲಿ ಏಪ್ರಿಲ್ 7ನ್ನು ಜುಲೈ 4 ಮಾಡಿಬಿಡುವುದು ಕ್ಷಣದ ಕೆಲಸ.

ಮುಖದ ಸ್ಕ್ಯಾನ್ ಮತ್ತು ಒಂದು ಭಾವಚಿತ್ರವಾದ ಮೇಲೆ ಪ್ರಶ್ನೆಗಳು ಬರುತ್ತವೆ. ಪ್ರಯಾಣದ ದಿನಾಂಕವನ್ನಾಗಲಿ ಟಿಕೆಟ್ಟನ್ನಾಗಲಿ ಕೇಳುವುದಿಲ್ಲ. ಬೇರೆ ಯಾವುದಾದರೂ ದೇಶದ ಪೌರತ್ವ ಇದೆಯೇ ಎಂಬ ಪ್ರಶ್ನೆ ಬಂದಾಗ ಮಾತ್ರ ಜೋಪಾನ. ಓಸಿಐ ಎಂಬುದರ ಹೆಸರಿನಲ್ಲಿ ನಾಗರಿಕತ್ವ ಎಂಬ ಮಾತಿದ್ದರೂ ಅದು ಪೌರತ್ವವಲ್ಲ, ಭಾರತ ಎರಡು ಪೌರತ್ವಕ್ಕೆ ಅವಕಾಶ ಕೊಟ್ಟಿಲ್ಲ. ಆದ್ದರಿಂದ ಅಲ್ಲಿ ಭಾರತ ಎಂದು ಬರೆಯಬಾರದು. ನನ್ನ ಪರಿಚಯದವರೊಬ್ಬರು ಹಾಗೆ ಬರೆದು, ಆಮೇಲೆ ಗಾಬರಿಯಾಗಿ ಎರಡನೆಯ ಸಲ ದುಡ್ಡು ಕಟ್ಟಿ ಅರ್ಜಿ ಹಾಕಿದರು. ಅಪರಾಧದ ದಾಖಲೆಯ ಬಗೆಗಿನ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಅನುಮತಿ ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿಲ್ಲ, ಕಟ್ಟಿದ ಹಣ ವಾಪಸಾಗುವುದಿಲ್ಲ, ವೀಸಾದ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಶುಲ್ಕ ಮೊದಲು 10 ಪೌಂಡ್ ಇತ್ತು, 2025ರ ಏಪ್ರಿಲ್ 9ರಿಂದ 16 ಆಯಿತು, 20ಕ್ಕೆ ಏರಿಸುವ ಇರಾದೆಯನ್ನೂ ಸರ್ಕಾರ ಹೇಳಿಕೊಂಡಿತ್ತು. ಹಣ ಕಟ್ಟುವ ದಿನ ಆ್ಯಪ್ ತೋರಿಸುವ ಮೊತ್ತವೇ ಪ್ರಮಾಣ. ಮೂರು ಕೆಲಸದ ದಿನಗಳೊಳಗೆ ಉತ್ತರ ಬರುವುದು ವಾಡಿಕೆ. ನನಗೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಂತು, ಅದೇ ಹೊತ್ತಿಗೆ ಕಳಿಸಿದ ಮಗಳದ್ದಕ್ಕೆ ಮಾರನೆಯ ದಿನದವರೆಗೆ ಕಾಯಬೇಕಾಯಿತು. ಒಮ್ಮೆ ಸಿಕ್ಕಿದರೆ ಎರಡು ವರ್ಷ ನಡೆಯುತ್ತದೆ, ಎಷ್ಟು ಸಲ ಬೇಕಾದರೂ ಹೋಗಬಹುದು, ಪ್ರತಿ ಸಲ ಗರಿಷ್ಠ ಆರು ತಿಂಗಳು.

ನಿಮಗೆ ಬಂದಿರುವ ಮಿಂಚಂಚೆಯಲ್ಲಿ ಹದಿನಾರು ಅಂಕಿಗಳ ಇಟಿಎ ಸಂಖ್ಯೆ ಇದೆಯೇ ನೋಡಿ. ಮಧ್ಯವರ್ತಿಗಳೆಲ್ಲರೂ ಖೋಟಾ ಅಲ್ಲ. ಹೆಚ್ಚಿನವರು ನೀವು ಕೊಟ್ಟ ವಿವರಗಳನ್ನೇ ಸರ್ಕಾರದ ಅರ್ಜಿಗೆ ತುಂಬಿ, ಅಲ್ಲಿನ ಶುಲ್ಕವನ್ನು ಕಟ್ಟಿ, ಉಳಿದದ್ದನ್ನು ಜೇಬಿಗಿಳಿಸುತ್ತಾರೆ. ಆದರೆ ಅವರು ಕೈಯಲ್ಲಿ ತುಂಬುವುದರಿಂದ ತಪ್ಪಾಗುವುದುಂಟು. ಅರ್ಜಿಯ ಪ್ರತಿಯನ್ನು ಕೇಳಿ ತರಿಸಿಕೊಂಡು, ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿಯನ್ನು ತಾಳೆ ನೋಡಿ.

ಮಲ್ಲೇಶ್ವರದ ಟಿಕೆಟ್ ಮೇಜು (ಬೆಂಗಳೂರು) ಅವರ ಉತ್ತರ

ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಕೆಲಸದಲ್ಲಿರುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ. ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಆದರೆ ಈ ಪ್ರಯಾಣದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಹಿರಿಯರ ವಿಷಯ.

ಅಮ್ಮನವರು ಡಿಸೆಂಬರ್ 14ಕ್ಕೆ ಬಂದವರೆಂದರೆ, ಆರು ತಿಂಗಳು ಕೊಟ್ಟಿದ್ದಾರೆಂದೇ ಇಟ್ಟುಕೊಂಡರೂ, ಜೂನ್ 13ರ ಹೊತ್ತಿಗೆ ಅಮೆರಿಕದಿಂದ ಹೊರಬೀಳಬೇಕು. ಎಂದಿನವರೆಗೆ ಅಮೆರಿಕದಲ್ಲಿ ಇರಬಹುದೆಂದು ಹೇಳುವ ಐ-94 ದಾಖಲೆಯಲ್ಲಿ ಯಾವ ದಿನಾಂಕವಿದೆ ಎಂದು ಇವತ್ತೇ ನೋಡಿ. ಬ್ರಿಟನ್ನಿನ ವೀಸಾ ಬಾರದೆ ಹೋಗಿ, ಜೂನ್ 6ರ ಪ್ರಯಾಣವನ್ನು ಮುಂದೂಡೋಣವೆಂದರೆ ನಿಮ್ಮ ಕೈಯಲ್ಲಿರುವುದು ಒಂದೇ ವಾರ. ಆದ್ದರಿಂದ ಅವರ ಅರ್ಜಿ ಎಲ್ಲರಿಗಿಂತ ಮೊದಲು ಹೋಗಲಿ.

ವೀಸಾ ಸಿಗದಿದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಹೀಥ್ರೂವಿನಲ್ಲಿ ವಲಸೆ ತಪಾಸಣೆಯನ್ನು ದಾಟದೆ ಒಳಗೊಳಗೇ ವಿಮಾನ ಬದಲಿಸುವುದಕ್ಕೆ ಏರ್‌ಸೈಡ್ ಟ್ರಾನ್ಸಿಟ್ ಎನ್ನುತ್ತೇವೆ. ಭಾರತೀಯರಿಗೆ ಅದಕ್ಕೂ ಒಂದು ಟ್ರಾನ್ಸಿಟ್ ವೀಸಾ ಬೇಕು, ಆದರೆ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಇದೆ. ಹಾಗಾಗಿ ಅಮ್ಮನವರು ಮತ್ತು ನಿಮ್ಮ ಯಜಮಾನರು ಇಬ್ಬರೂ ಅದೇ ದಿನ ಮುಂದಿನ ವಿಮಾನ ಹಿಡಿಯುವುದಾದರೆ ಬ್ರಿಟನ್ನಿನ ಯಾವ ಕಾಗದವೂ ಬೇಕಿಲ್ಲ. ನಿಮ್ಮ ಮನೆಯವರ ಮನಸ್ಸಿನಲ್ಲಿರುವುದು ಬಹುಶಃ ಈ ವಿನಾಯಿತಿಯೇ. ಇದನ್ನು ಕೇಳಿ ತಿಳಿದ ಬಹಳ ಮಂದಿ ಊರೊಳಗೆ ಹೋಗುವುದಕ್ಕೂ ಇದೇ ಸಾಕು ಎಂದು ಕಲಸಿಬಿಡುತ್ತಾರೆ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ಭಾರತೀಯರು ಗ್ರೀನ್ ಕಾರ್ಡ್ ಅಥವಾ ವೀಸಾದ ಆಧಾರದ ಮೇಲೆ ತಪಾಸಣೆಯನ್ನು ದಾಟಿ ಹೊರಗೂ ಬರಬಹುದು ಎಂಬ ಇನ್ನೊಂದು ರಿಯಾಯಿತಿ ಇದೆ, ಆದರೆ ಮರುದಿನ ರಾತ್ರಿ 11 ಗಂಟೆ 59 ನಿಮಿಷದೊಳಗೆ ದೇಶ ಬಿಟ್ಟು ವಿಮಾನ ಹತ್ತಬೇಕು, ಅದೂ ಅಲ್ಲಿನ ಅಧಿಕಾರಿ ಒಪ್ಪಿದರೆ. ನಾಲ್ಕು ರಾತ್ರಿಗೆ ಅದು ಸಾಲದು.

ಒಳಗೊಳಗೇ ಹೋಗುವುದಾದರೆ ಎರಡು ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿರಬೇಕು, ಸಾಮಾನು ನ್ಯೂವಾರ್ಕ್‌ನಲ್ಲಿ ಹಾಕಿದ್ದು ಬೆಂಗಳೂರಿನಲ್ಲೇ ಕೈಗೆ ಸಿಗುವಂತಿರಬೇಕು. ನೂರು ಡಾಲರ್ ಉಳಿಯಿತೆಂದು ಬೇರೆ ಬೇರೆ ಟಿಕೆಟ್ ಕೊಂಡು, ಸೂಟ್‌ಕೇಸನ್ನು ಹೀಥ್ರೂವಿನಲ್ಲಿ ಎತ್ತಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗಿ ಬಂದರೆ ಅದು ದೇಶದೊಳಗೆ ಹೋದಂತೆಯೇ ಲೆಕ್ಕ. ಹೀಥ್ರೂವಿನಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹೊರಡುವುದೂ ಹಾಗೆಯೇ. ಅಮೆರಿಕದ ಪಾಸ್‌ಪೋರ್ಟಿನವರಿಗೂ ಹೀಥ್ರೂ ಮತ್ತು ಮ್ಯಾಂಚೆಸ್ಟರ್‌ಗಳಲ್ಲಿ ಒಳಗೊಳಗೇ ಬದಲಿಸುವಾಗ ಇಟಿಎ ಬೇಕಿಲ್ಲ, ಹೊರಗೆ ಬಂದರೆ ಬೇಕು.

ಇನ್ನೊಂದು ಮಾತು ಹೆಸರಿನದು. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿದ್ದು ಒಂದೇ ಹೆಸರು ಇರುವುದು ಸಾಮಾನ್ಯ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಎಫ್ಎನ್‌ಯು ಎಂಬ ಮೂರಕ್ಷರ ಸೇರಿಕೊಂಡಿರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು, ಹೆಸರಲ್ಲ. ಅಮ್ಮನವರದ್ದು ಹಾಗಿದ್ದರೆ ಬ್ರಿಟನ್ನಿನ ಅರ್ಜಿಯಲ್ಲಿ ಆ ಮೂರಕ್ಷರವನ್ನು ಬರೆಯದೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ.

ಕುಕ್ಕರಹಳ್ಳಿ ದಂಡೆ

ಮೂವರಿಗೂ ಅನಂತ ವಂದನೆಗಳು. ಅತ್ತೆಯವರ ಐ-94ರಲ್ಲಿ ಜೂನ್ 13 ಎಂದೇ ಇದೆ, ನೋಡಿ ಎದೆ ಧಸಕ್ಕೆಂದಿತು. ಅವರ ಪಾಸ್‌ಪೋರ್ಟಿನಲ್ಲಿ ಎರಡು ಹೆಸರುಗಳಿರುವುದರಿಂದ ಆ ಮೂರಕ್ಷರದ ಕಾಟ ಇಲ್ಲ. ಯಜಮಾನರು ಉತ್ತರಗಳನ್ನು ಎರಡು ಸಲ ಓದಿ, "ಹಾಗಾದರೆ ಕೆನಡಾದವರೇ ಒಳ್ಳೆಯವರು" ಎಂದು ಹೇಳಿ ಸುಮ್ಮನಾಗಿ, ಅರ್ಜಿ ತುಂಬಲು ಕುಳಿತಿದ್ದಾರೆ.

ಆ ತಾಣದವರಿಂದ ಅರ್ಜಿಯ ಪ್ರತಿ ತರಿಸಿಕೊಂಡೆ. ಹದಿನಾರು ಅಂಕಿಯ ಸಂಖ್ಯೆಯೂ ಇದೆ, ಅನುಮತಿಯೂ ನಿಜವೇ. ಆದರೆ ನನ್ನ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಕೊನೆಯಿಂದ ಎರಡನೆಯ ಅಂಕಿ ಎಂಟು, ಅವರ ಪ್ರತಿಯಲ್ಲಿ ಮೂರು. ತಪ್ಪಿದ್ದು ನಾನೋ ಅವರೋ ಗೊತ್ತಿಲ್ಲ. ಇದನ್ನು ತಿದ್ದಿಸಬಹುದೇ?

ಇನ್ನೂ ಒಂದು ಪ್ರಶ್ನೆ. ಮಗನ ಪಾಸ್‌ಪೋರ್ಟ್ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ನಾವು ಜುಲೈ ಕೊನೆಗೆ ನ್ಯೂಜೆರ್ಸಿಗೆ ಮರಳುತ್ತೇವೆ. ಈಗಿರುವ ಪಾಸ್‌ಪೋರ್ಟಿನ ಮೇಲೆಯೇ ಅವನ ಇಟಿಎ ಮಾಡಿಸಿದರೆ ಸಾಕಲ್ಲವೇ?

ಅರಕಲಗೂಡಿನವನು (ರೆಡಿಂಗ್)

ತಿದ್ದಲು ಬರುವುದಿಲ್ಲ ಮೇಡಂ. ಇಟಿಎ ಎಂಬುದು ಕಾಗದವಲ್ಲ, ಪಾಸ್‌ಪೋರ್ಟ್ ಸಂಖ್ಯೆಗೆ ಕಟ್ಟಿದ ಒಂದು ದಾಖಲೆ. ಕೌಂಟರಿನಲ್ಲಿ ನಿಮ್ಮ ಪಾಸ್‌ಪೋರ್ಟನ್ನು ಓದಿಸಿದಾಗ ವಿಮಾನ ಸಂಸ್ಥೆಯ ಕಂಪ್ಯೂಟರ್ ಇಲ್ಲಿನ ಗೃಹ ಇಲಾಖೆಯನ್ನು ಕೇಳುತ್ತದೆ, ಆ ಸಂಖ್ಯೆಗೆ ಅನುಮತಿ ಇದೆ ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ. ಎಂಟರ ಜಾಗದಲ್ಲಿ ಮೂರು ಇರುವ ಅನುಮತಿ ನಿಮ್ಮದಲ್ಲ. ಆ್ಯಪ್‌ನಲ್ಲಿ ಹೊಸದಾಗಿ ಹಾಕಿಬಿಡಿ. ತಪ್ಪು ಅವರದ್ದೆಂದು ನೀವು ತುಂಬಿದ ಪುಟದಿಂದ ತೋರಿಸಲು ಸಾಧ್ಯವಾದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ. ನಿಮ್ಮ ಪಾಸ್‌ಪೋರ್ಟಿನ ಫೋಟೋ ಮತ್ತು ಕಾರ್ಡಿನ ವಿವರ ಎರಡೂ ಅವರ ಬಳಿ ಇರುವುದರಿಂದ ಕಾರ್ಡನ್ನಂತೂ ಬದಲಾಯಿಸಿಕೊಳ್ಳುವುದು ಲೇಸು.

ಮಗನ ವಿಷಯದಲ್ಲಿ ಮೊದಲು ಹೊಸ ಪಾಸ್‌ಪೋರ್ಟ್, ಆಮೇಲೆ ಇಟಿಎ. ಪಾಸ್‌ಪೋರ್ಟ್ ಮುಗಿದ ದಿನ ಇಟಿಎಯೂ ಮುಗಿಯುತ್ತದೆ, ಎರಡು ವರ್ಷದ ಅವಧಿ ಹೆಸರಿಗಷ್ಟೇ. ಬ್ರಿಟನ್ನಿನ ಮಟ್ಟಿಗೆ ಸೆಪ್ಟೆಂಬರ್‌ವರೆಗಿನ ಪಾಸ್‌ಪೋರ್ಟ್ ಸಾಕಾದರೂ, ಭಾರತಕ್ಕೆ ಹೊರಡುವವರ ಪಾಸ್‌ಪೋರ್ಟಿನಲ್ಲಿ ಆರು ತಿಂಗಳಾದರೂ ಉಳಿದಿದೆಯೇ ಎಂದು ಕೌಂಟರಿನಲ್ಲಿ ನೋಡುತ್ತಾರೆ.

ಸೋಮೇಶ್ವರದ ಕಡಲು (ಟೊರಾಂಟೊ)

ಅಕ್ಕ, ಅಮೆರಿಕದಲ್ಲಿ ಹದಿನಾರು ತುಂಬದ ಮಕ್ಕಳ ಪಾಸ್‌ಪೋರ್ಟ್ ಅಂಚೆಯಲ್ಲಿ ನವೀಕರಣವಾಗುವುದಿಲ್ಲ ಎಂದು ನ್ಯೂಯಾರ್ಕಿನಲ್ಲಿರುವ ನಮ್ಮ ಅತ್ತಿಗೆ ಪಟ್ಟ ಪಾಡಿನಿಂದ ಗೊತ್ತು. ತಂದೆ ತಾಯಿ ಇಬ್ಬರೂ ಮಗುವನ್ನು ಕರೆದುಕೊಂಡು ಹೋಗಬೇಕು, ಇಲ್ಲವೆಂದರೆ ಬಾರದವರ ಒಪ್ಪಿಗೆಯನ್ನು ನೋಟರಿಯ ಮುಂದೆ ಬರೆಸಬೇಕು. ಸಾಧಾರಣ ಅರ್ಜಿಗೆ ನಾಲ್ಕರಿಂದ ಆರು ವಾರ, 60 ಡಾಲರ್ ಹೆಚ್ಚು ಕೊಟ್ಟರೆ ಎರಡರಿಂದ ಮೂರು ವಾರ, ಅಂಚೆಯ ದಿನಗಳು ಇವೆರಡರಲ್ಲೂ ಸೇರಿಲ್ಲ. ಜೂನ್ 6ಕ್ಕೆ ಇನ್ನು ಹನ್ನೊಂದು ಹನ್ನೆರಡು ವಾರವಿದೆ, ನಾಳೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಮೂರು ತಿಂಗಳೊಳಗೆ ಓಸಿಐ ತಾಣಕ್ಕೆ ಏರಿಸಬೇಕು, ಅದಕ್ಕೆ ಶುಲ್ಕವಿಲ್ಲ. ಹಳೆಯ ಪಾಸ್‌ಪೋರ್ಟನ್ನು ಜೊತೆಗೆ ಒಯ್ಯಬೇಕೆಂಬ ನಿಯಮ 2021ರಲ್ಲೇ ಹೋಯಿತು. ಆದರೂ ಓಸಿಐ ಕಾರ್ಡಿನ ಮೇಲೆ ಹಳೆಯ ಸಂಖ್ಯೆಯೇ ಇರುವುದರಿಂದ ನಾನಂತೂ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ಮಲ್ಲೇಶ್ವರದ ಟಿಕೆಟ್ ಮೇಜು (ಬೆಂಗಳೂರು)

ಹೀಥ್ರೂವಿನಲ್ಲಿ ಇಳಿದ ಮೇಲೆ ಅಮೆರಿಕದ ಪಾಸ್‌ಪೋರ್ಟಿನವರಿಗೆ ತಾನಾಗಿ ತೆರೆಯುವ ಇ-ಗೇಟ್ ಇದೆ ಎಂದು ನೀವು ಮಗಳೊಡನೆ ಆ ಕಡೆ ನಡೆದುಬಿಡಬೇಡಿ. ನಿಮ್ಮ ಮಗನಷ್ಟು ಚಿಕ್ಕ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ, ಭಾರತದ ಪಾಸ್‌ಪೋರ್ಟಿಗೂ ಇಲ್ಲ. ಐವರೂ ಒಟ್ಟಾಗಿ ಅಧಿಕಾರಿಯಿರುವ ಕೌಂಟರಿನ ಸಾಲಿನಲ್ಲಿ ನಿಲ್ಲಿ. ಇಟಿಎ ಇದ್ದರೂ ವೀಸಾ ಇದ್ದರೂ ಒಳಗೆ ಬಿಡುವ ಕೊನೆಯ ಮಾತು ಆ ಅಧಿಕಾರಿಯದ್ದೇ. ತಮ್ಮನವರ ವಿಳಾಸ, ಫೋನ್ ಸಂಖ್ಯೆ ಮತ್ತು ಬೆಂಗಳೂರಿನ ಟಿಕೆಟ್ ಅಮ್ಮನವರ ಕೈಚೀಲದಲ್ಲೂ ಒಂದು ಪ್ರತಿ ಇರಲಿ.

ಕುಕ್ಕರಹಳ್ಳಿ ದಂಡೆ

ಏಪ್ರಿಲ್ ಮೂರನೆಯ ವಾರದಲ್ಲಿ ಬರೆಯುತ್ತಿದ್ದೇನೆ. ನನ್ನ ಮತ್ತು ಮಗಳ ಇಟಿಎ ಆ್ಯಪ್ ಮೂಲಕವೇ ಮಾಡಿದೆ, ಎರಡೂ ಅದೇ ಸಂಜೆ ಬಂದವು. ಚಿಪ್ಪು ಓದಿಸಲು ನನಗೂ ಮರದ ಮೇಜೇ ಬೇಕಾಯಿತು, ಸ್ಟೀಲ್ ಕಟ್ಟೆಯ ಮೇಲೆ ಹತ್ತು ನಿಮಿಷ ಹೆಣಗಿದ್ದು ವ್ಯರ್ಥ. ಮಗನ ಹೊಸ ಪಾಸ್‌ಪೋರ್ಟ್ ಮೊನ್ನೆ ಬಂತು, ಅವನ ಅರ್ಜಿಯನ್ನು ನಿನ್ನೆ ರಾತ್ರಿ ಕಳಿಸಿದ್ದೇನೆ. ಬ್ಯಾಂಕಿನವರು ನನ್ನ ದೂರನ್ನು ತೆಗೆದುಕೊಂಡು ಕಾರ್ಡ್ ಬದಲಿಸಿದ್ದಾರೆ, 89 ಡಾಲರಿನ ಬಗ್ಗೆ ಇನ್ನೂ ಏನೂ ಹೇಳಿಲ್ಲ. ನಾನು ತುಂಬಿದ ಪುಟದ ಚಿತ್ರ ಇಟ್ಟುಕೊಳ್ಳದೆ ಹೋದದ್ದರಿಂದ ಹೆಚ್ಚಿನ ಆಸೆಯಿಲ್ಲ.

ಯಜಮಾನರೂ ಅತ್ತೆಯವರೂ ಮಾರ್ಚ್ ಕೊನೆಯ ವಾರದಲ್ಲಿ ಹೋಗಿ ಬೆರಳಚ್ಚು ಕೊಟ್ಟು ಬಂದರು. ಎಪ್ಪತ್ತೆರಡರ ಅತ್ತೆಯವರ ಬೆರಳುಗಳ ಗೆರೆ ಸವೆದುಹೋಗಿದ್ದು ಯಂತ್ರ ಒಪ್ಪದೆ, ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮೂರನೆಯ ಸಲಕ್ಕೆ ತೆಗೆದಳಂತೆ. ಅತ್ತೆಯವರ ವೀಸಾ ಮೊದಲು ಬಂತು. ಯಜಮಾನರದ್ದು ಇನ್ನೂ ಬಂದಿಲ್ಲ. ದಿನಕ್ಕೆ ನಾಲ್ಕು ಸಲ ಮಿಂಚಂಚೆ ತೆರೆದು ನೋಡುತ್ತಿದ್ದಾರೆ. ಬಾರದಿದ್ದರೆ ಅವರೊಬ್ಬರೇ ಹೀಥ್ರೂವಿನೊಳಗೇ ವಿಮಾನ ಬದಲಿಸಿ ಮುಂದೆ ಹೋಗಲಿ, ನಾವು ನಾಲ್ವರು ಇಳಿಯುತ್ತೇವೆ ಎಂದು ಅತ್ತೆಯವರು ಆಗಲೇ ತೀರ್ಪು ಕೊಟ್ಟಾಗಿದೆ.